ಬಿಸಿಲೇರುವ ಮುನ್ನ ಮನೆಯೊಳಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಳಗಿನ ಜಾವದ ಹೊದಿಕೆ ತಾನಾಗಿ ಕಾಲಬುಡಕ್ಕೆ ಸರಿಯುವ, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮೊದಲ ಒಂದೆರಡು ಚೊಂಬು ನೀರು ಬೆಚ್ಚಗೆ ಬರುವ ದಿನಗಳಿವು. ಈ ಸಲ ಕೈಸೇರಿದ ಪತ್ರಗಳಲ್ಲಿ ಹೆಚ್ಚಿನವು ಹತ್ತಿರವಾಗುತ್ತಿರುವ ಬೇಸಿಗೆಯನ್ನೇ ಕುರಿತಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರು, ವಿಳಾಸಗಳನ್ನು ಬಿಟ್ಟು ಪ್ರಶ್ನೆಯ ತಿರುಳನ್ನಷ್ಟೇ ಕೊಟ್ಟಿದ್ದೇನೆ. ಪತ್ರಗಳನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ಅನಿಸಿದ್ದೇನೆಂದರೆ, ಕೇಳಿದವರಲ್ಲಿ ಬಹುಪಾಲು ಜನ ಮಾಡಬೇಕಾದ ಕೆಲಸವನ್ನು ಈಗಾಗಲೇ ಮಾಡುತ್ತಿದ್ದಾರೆ. ಆದರೆ ಅದಕ್ಕೆ ತಕ್ಕದ್ದಲ್ಲದ ಹೊತ್ತಿನಲ್ಲಿ ಮಾಡುತ್ತಿದ್ದಾರೆ.

ಪ್ರಶ್ನೆ: ಮಧ್ಯಾಹ್ನ ಸೆಕೆ ತಡೆಯಲಾರದೆ ನಾನು ಎಲ್ಲ ಕಿಟಕಿಗಳನ್ನೂ ತೆರೆದಿಡುತ್ತೇನೆ. ಅತ್ತೆಯವರು ಬಂದು ಒಂದೊಂದನ್ನೇ ಮುಚ್ಚುತ್ತಾರೆ. ಗಾಳಿಯಿಲ್ಲದ ಮನೆ ತಂಪಾಗುವುದು ಹೇಗೆ? ದಿನವೂ ನಡೆಯುವ ಈ ಮಾತಿಗೆ ನೀವೇ ಒಂದು ತೀರ್ಮಾನ ಹೇಳಬೇಕು.

ಉತ್ತರ: ಹಗಲಿನ ಮಟ್ಟಿಗೆ ನಿಮ್ಮ ಅತ್ತೆಯವರು ಹೇಳುವುದು ಸರಿ, ರಾತ್ರಿಯ ಮಟ್ಟಿಗೆ ನೀವು ಹೇಳುವುದು ಸರಿ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದನ್ನು ನಿರ್ಧರಿಸಬೇಕಾದದ್ದು ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿದೆಯೇ ಎಂಬ ಒಂದೇ ಸಂಗತಿ. ರಾತ್ರಿಯೆಲ್ಲ ತಣಿದ ಗೋಡೆ, ನೆಲ, ಚಾವಣಿಗಳು ಬೆಳಗಿನ ಹೊತ್ತು ಒಳಗಿನ ಗಾಳಿಯನ್ನು ತಂಪಾಗಿಟ್ಟಿರುತ್ತವೆ. ಹೊತ್ತೇರಿದ ಮೇಲೂ ಕಿಟಕಿ ತೆರೆದಿದ್ದರೆ ಒಳಗೆ ಬರುವುದು ತಂಗಾಳಿಯಲ್ಲ, ಬಿಸಿಗಾಳಿ. ಅದು ಗೋಡೆಗಳಲ್ಲಿ ಕೂಡಿಟ್ಟ ತಂಪನ್ನು ಗಂಟೆ ಎರಡು ಗಂಟೆಯಲ್ಲಿ ಖಾಲಿ ಮಾಡಿಬಿಡುತ್ತದೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಎದ್ದು ಎಲ್ಲವನ್ನೂ ತೆರೆಯಿರಿ, ಹೊರಗಿನ ಗಾಳಿ ಮುಖಕ್ಕೆ ಬೆಚ್ಚಗೆ ತಾಗತೊಡಗಿದಾಗ ಮುಚ್ಚಿರಿ, ಸಂಜೆ ಅದು ಮತ್ತೆ ತಣ್ಣಗಾದಾಗ ತೆರೆಯಿರಿ. ಗಡಿಯಾರ ನೋಡಬೇಕಾಗಿಲ್ಲ, ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರೆ ಮುಖವೇ ಹೇಳುತ್ತದೆ.

ಪರದೆಯ ವಿಚಾರವೂ ಇದಕ್ಕೆ ಸೇರಿದ್ದು. ಗಾಜಿನ ಒಳಬದಿಗೆ ಕಟ್ಟಿದ ಪರದೆ ಬೆಳಕನ್ನು ತಡೆಯುತ್ತದೆಯಾದರೂ ಬಿಸಿಲು ಆ ವೇಳೆಗೆ ಗಾಜು ದಾಟಿ ಬಂದಾಗಿರುತ್ತದೆ; ಪರದೆ ಕಾಯ್ದು ಅದರ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಅದೇ ಬಟ್ಟೆಯನ್ನೋ ಚಾಪೆಯನ್ನೋ ಗಾಜಿನ ಹೊರಬದಿಗೆ ಇಳಿಬಿಟ್ಟರೆ ಶಾಖ ಹೊರಗೇ ನಿಲ್ಲುತ್ತದೆ. ಬಣ್ಣ ತಿಳಿಯಾಗಿರಲಿ. ಹದಿನೆಂಟನೆಯ ಶತಮಾನದ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಬೇರೆ ಬೇರೆ ಬಣ್ಣದ ಬಟ್ಟೆಯ ಚೂರುಗಳನ್ನು ಬಿಸಿಲು ಬಿದ್ದ ಹಿಮದ ಮೇಲೆ ಹರಡಿ ಕೆಲವು ಗಂಟೆಗಳ ಬಳಿಕ ನೋಡಿದಾಗ, ಕಪ್ಪು ಚೂರು ತನ್ನ ಕೆಳಗಿನ ಹಿಮವನ್ನು ಕರಗಿಸಿಕೊಂಡು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಬಿಳಿಯದು ಮೇಲೆಯೇ ಉಳಿದಿತ್ತು. ಒಂದು ಪತ್ರದಲ್ಲಿ ಅವರು ಇದನ್ನು ವಿವರಿಸಿದ್ದಾರೆ. ನಿಮ್ಮ ಕಿಟಕಿಯ ಪರದೆಗೂ ಅದೇ ಮಾತು ಅನ್ವಯಿಸುತ್ತದೆ.

ಪಡುವಣದ ಕಿಟಕಿಯನ್ನು ಮಾತ್ರ ವಿಶೇಷವಾಗಿ ಗಮನಿಸಿ. ನೆತ್ತಿಯ ಮೇಲಿನ ಸೂರ್ಯನನ್ನು ಚಾವಣಿಯ ಅಂಚು ತಡೆಯುತ್ತದೆ. ಇಳಿಹೊತ್ತಿನ ಸೂರ್ಯ ಆ ಅಂಚಿನ ಕೆಳಗಿಂದ ನೇರವಾಗಿ ಕೋಣೆಯೊಳಗೆ ಬಂದು ಎದುರು ಗೋಡೆಯ ಮೇಲೆ ಬೀಳುತ್ತಾನೆ. ರಾತ್ರಿ ಊಟವಾದ ಮೇಲೆ ಪಡುವಣದ ಗೋಡೆಗೆ ಅಂಗೈ ಒತ್ತಿ ನೋಡಿರಿ. ಹೊತ್ತು ಮುಳುಗಿ ಮೂರು ಗಂಟೆಯಾದರೂ ಅದು ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿರುತ್ತದೆ. ಮಲಗುವ ಮಂಚವನ್ನು ಆ ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದುಕೊಂಡರೂ ನಿದ್ದೆಗೆ ವ್ಯತ್ಯಾಸ ತಿಳಿಯುತ್ತದೆ.

ನೀವಿರುವುದು ಕಡಲ ಹತ್ತಿರದ, ಗಾಳಿಯಲ್ಲಿ ತೇವ ತುಂಬಿದ ಜಾಗದಲ್ಲಾದರೆ ಈ ನಿಯಮವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ಅಲ್ಲಿ ರಾತ್ರಿ ಹಗಲುಗಳ ಶಾಖದಲ್ಲಿ ಅಂತರ ಕಡಿಮೆ, ಬೆವರು ಆರುವುದೂ ಕಷ್ಟ. ಹಾಗಾಗಿ ಬಿಸಿಲನ್ನು ತಡೆದು ಗಾಳಿಯನ್ನು ಆಡಲು ಬಿಡುವುದೇ ಮೇಲು. ಉಳಿದ ಕಡೆಗಳಲ್ಲಿ, ಸಂಜೆ ಎದುರುಬದುರು ಕಿಟಕಿಗಳನ್ನು ಒಟ್ಟಿಗೆ ತೆರೆಯುವ ಕೆಲಸವನ್ನು ನೀವೂ ಅತ್ತೆಯವರೂ ಹಂಚಿಕೊಳ್ಳಿ. ಒಬ್ಬರು ಈ ಕಡೆ, ಒಬ್ಬರು ಆ ಕಡೆ ತೆರೆದಾಗ ನಡುಮನೆಯಲ್ಲಿ ಹಾಯುವ ಆ ಮೊದಲ ಗಾಳಿಯ ಸುಖ ಇಬ್ಬರಿಗೂ ಸಲ್ಲಬೇಕಾದದ್ದು.

ಪ್ರಶ್ನೆ: ಒಬ್ಬನೇ ಬಾಡಿಗೆ ಕೋಣೆಯಲ್ಲಿದ್ದೇನೆ. ಫ್ರಿಜ್ ಇಲ್ಲದ ಕಾರಣ ಮಣ್ಣಿನ ಮಡಕೆ ತಂದೆ. ನೀರಿಗೆ ಮಣ್ಣಿನ ವಾಸನೆ ಬರುತ್ತದೆ, ನಿರೀಕ್ಷಿಸಿದಷ್ಟು ತಂಪೂ ಆಗುವುದಿಲ್ಲ. ಧೂಳು ಬೀಳದಿರಲೆಂದು ಕಪಾಟಿನೊಳಗೆ ಇಟ್ಟಿದ್ದೇನೆ. ಸೋಪು ಹಾಕಿ ಚೆನ್ನಾಗಿ ತೊಳೆದದ್ದೂ ಆಯಿತು. ಮಡಕೆಯೇ ಕಳಪೆಯೇ?

ಉತ್ತರ: ಮಡಕೆಯನ್ನು ದೂರಬೇಡಿ. ಅದಕ್ಕೆ ಗಾಳಿ ಬೇಕು, ನೀವು ಅದನ್ನು ಗಾಳಿಯಾಡದ ಕಡೆ ಇಟ್ಟಿದ್ದೀರಿ.

ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ಹೊರಮೈಗೆ ಜಿನುಗಿ, ಅಲ್ಲಿ ಆವಿಯಾಗಿ ಗಾಳಿಗೆ ಸೇರುತ್ತದೆ. ನೀರು ಆವಿಯಾಗಲು ಶಾಖ ಬೇಕು, ಆ ಶಾಖದ ಬಹುಪಾಲನ್ನು ಅದು ಮಡಕೆಯಿಂದಲೇ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಅಂದರೆ 10 ಲೀಟರ್ ಹಿಡಿಯುವ ಮಡಕೆಯಿಂದ ಒಂದು ಸಣ್ಣ ಲೋಟದಷ್ಟು, 100 ಮಿಲಿಲೀಟರ್ ನೀರು ಹೀಗೆ ಹಾರಿಹೋದರೆ ಉಳಿದ ನೀರಿನ ಶಾಖ ಐದಾರು ಡಿಗ್ರಿಯಷ್ಟು ಇಳಿಯಬಲ್ಲದು. ಹೊರಗಿನಿಂದ ಮತ್ತೆ ಒಳಸೇರುವ ಶಾಖವನ್ನು ಕಳೆದರೂ ಬಾಯಾರಿ ಬಂದವರಿಗೆ ಸಾಕಾಗುವಷ್ಟು ತಂಪು ಉಳಿಯುತ್ತದೆ. ಮೇಲೆ ಹೇಳಿದ ಫ್ರಾಂಕ್ಲಿನ್ನರೇ 1758ರಲ್ಲಿ ಕೇಂಬ್ರಿಜ್‌ನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜಾನ್ ಹ್ಯಾಡ್ಲಿಯವರೊಡನೆ ಸೇರಿ, ಉಷ್ಣಮಾಪಕದ ಬುಡಕ್ಕೆ ಬೇಗ ಆವಿಯಾಗುವ ಈಥರ್ ಸವರಿ ತಿದಿಯಿಂದ ಗಾಳಿ ಊದುತ್ತಾ ಹೋದರು. ಕೋಣೆ ಸಾಧಾರಣ ಬೆಚ್ಚಗಿದ್ದರೂ ಪಾದರಸ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಎಷ್ಟೋ ಕೆಳಗಿಳಿದು ಗಾಜಿನ ಸುತ್ತ ಮಂಜುಗಡ್ಡೆ ಕಟ್ಟಿತು. ಆ ಪ್ರಯೋಗದಲ್ಲಿ ಈಥರ್‌ನಷ್ಟೇ ಮುಖ್ಯವಾಗಿದ್ದದ್ದು ತಿದಿಯ ಗಾಳಿ. ಕಪಾಟಿನೊಳಗೆ ನಿಮ್ಮ ಮಡಕೆಗೆ ಇಲ್ಲದಿರುವುದೂ ಅದೇ.

ಆದ್ದರಿಂದ ಮಡಕೆಯನ್ನು ನೆರಳಿರುವ, ಗಾಳಿ ಸುಳಿಯುವ ಕಡೆಯಲ್ಲಿ, ತಳಕ್ಕೂ ಗಾಳಿ ತಾಗುವಂತೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಇಡಿ. ಧೂಳಿನ ಭಯವಿದ್ದರೆ ಬಾಯಿಗೆ ಮುಚ್ಚಳ ಮುಚ್ಚಿದರೆ ಸಾಕು, ಮೈಯನ್ನು ಮುಚ್ಚಬೇಡಿ. ಬೇಕಿದ್ದರೆ ಒಂದು ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಹೊಟ್ಟೆಯ ಸುತ್ತ ಸುತ್ತಿ. ಸೋಪಿನ ನೀರನ್ನು ಮಣ್ಣು ಹೀರಿಕೊಳ್ಳುತ್ತದೆ, ಆಮೇಲೆ ಅದನ್ನು ಕುಡಿಯುವ ನೀರಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಬರೀ ನೀರಿನಲ್ಲಿ ನಾರಿನ ಬ್ರಷ್‌ನಿಂದ ಉಜ್ಜಿರಿ. ಈಗ ಹಾಕಿರುವ ಸೋಪು ಹೋಗಲು ಎರಡು ಮೂರು ದಿನ ನೀರು ತುಂಬಿಸಿ ಚೆಲ್ಲಬೇಕಾಗುತ್ತದೆ. ಚೆಲ್ಲುವ ಬದಲು ನೆಲ ಒರೆಸಲು ಬಳಸಿಕೊಳ್ಳಿ. ಗಡಸು ನೀರಿರುವ ಕಡೆ ಲವಣ ಕಟ್ಟಿಕೊಂಡು ರಂಧ್ರಗಳು ಮುಚ್ಚಿಹೋಗುವುದರಿಂದ ಹಳೆಯ ಮಡಕೆ ಕ್ರಮೇಣ ತನ್ನ ಗುಣ ಕಳೆದುಕೊಳ್ಳುವುದುಂಟು. ಮೋಡ ಕವಿದು ಗಾಳಿ ತೇವವಾಗಿರುವ ದಿನ ಎಷ್ಟು ಒಳ್ಳೆಯ ಮಡಕೆಯಾದರೂ ನೀರನ್ನು ಹೆಚ್ಚು ತಣಿಸಲಾರದು, ಏಕೆಂದರೆ ಆಗ ನೀರು ಆವಿಯಾಗುವುದೇ ನಿಧಾನ. ನೀರು ತೆಗೆಯಲು ಉದ್ದ ಹಿಡಿಯ ಸೌಟಿರಲಿ, ಕೈ ಅದ್ದುವ ಅಭ್ಯಾಸ ಬೇಡ. ಮಡಕೆ ನೀರನ್ನು ತಣಿಸುತ್ತದೆಯೇ ಹೊರತು ಶುದ್ಧಮಾಡುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಮಣ್ಣಿನ ವಾಸನೆ. ಒಣಗಿದ ಮಣ್ಣಿಗೆ ನೀರು ಬಿದ್ದಾಗ ಏಳುವ ಘಮದ ಬಗ್ಗೆ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು 1964ರಲ್ಲಿ ಬರೆದು, ಅದಕ್ಕೆ ‘ಪೆಟ್ರಿಕೋರ್’ ಎಂಬ ಹೆಸರನ್ನಿಟ್ಟರು. ಹೊಸ ಮಡಕೆಯ ನೀರಿನ ಕಂಪು ಆ ಘಮದ ಹತ್ತಿರದ ನೆಂಟ. ಅದು ಕೆಲವೇ ವಾರ ಇರುವಂಥದ್ದು. ಹೋಗಲಾಡಿಸಲು ಅವಸರಪಡಬೇಡಿ, ಮಡಕೆ ಹಳತಾದ ಮೇಲೆ ಬೇಕೆಂದರೂ ಅದು ಸಿಗುವುದಿಲ್ಲ.

ಪ್ರಶ್ನೆ: ಚಳಿಗಾಲದ ಉಣ್ಣೆಯ ಬಟ್ಟೆಗಳನ್ನು ಎತ್ತಿಡುವ ಸಮಯ ಬಂತು. ಕಳೆದ ವರ್ಷ ನುಸಿಗುಳಿಗೆ ಹಾಕಿಟ್ಟಿದ್ದರೂ ನನ್ನ ತಾಯಿಯವರು ಹೆಣೆದ ಸ್ವೆಟರಿಗೆ ಹುಳ ಬಿದ್ದು ತೂತಾಯಿತು. ಈ ಸಲ ಏನು ಮಾಡಲಿ?

ಉತ್ತರ: ತಾಯಿಯವರ ಕೈಕೆಲಸ ಹಾಳಾದ ಸಂಕಟ ನನಗೆ ಅರ್ಥವಾಗುತ್ತದೆ. ಹಾರಾಡುವ ಸಣ್ಣ ಪತಂಗ ಬಟ್ಟೆಯನ್ನು ತಿನ್ನುವುದಿಲ್ಲ. ಅದು ಇಟ್ಟ ಮೊಟ್ಟೆಯಿಂದ ಹೊರಬರುವ ಮರಿಹುಳ ತಿನ್ನುತ್ತದೆ. ಉಣ್ಣೆ, ರೇಷ್ಮೆಯಂತಹ ಪ್ರಾಣಿಮೂಲದ ನೂಲು ಅದರ ಆಹಾರ, ಅದರಲ್ಲೂ ಬೆವರು ಹೀರಿದ ಕುತ್ತಿಗೆಪಟ್ಟಿ, ಕಂಕುಳು, ತಿಂಡಿಯ ಕಲೆಯಿರುವ ಎದೆಭಾಗಗಳು ಬಲು ಇಷ್ಟ. ‘ಎರಡೇ ಸಲ ಹಾಕಿದ್ದು, ಶುಚಿಯಾಗಿಯೇ ಇದೆ’ ಎಂದು ಮಡಚಿಟ್ಟ ಬಟ್ಟೆಗೇ ಹುಳ ಬೀಳುವುದಕ್ಕೆ ಕಾರಣವಿದು. ಹಾಗಾಗಿ ಎತ್ತಿಡುವ ಮುನ್ನ ಪ್ರತಿಯೊಂದನ್ನೂ ಒಗೆಯಲೇಬೇಕು. ಒಗೆದ ಮೇಲೆ ಹೊಲಿಗೆಯ ಸಂದು, ಮಡಿಕೆ, ಜೇಬುಗಳನ್ನು ಒಳಮೈ ಹೊರಗೆ ಮಾಡಿ ಮೆದುವಾದ ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿರಿ, ಏಕೆಂದರೆ ಮೊಟ್ಟೆಗಳು ಅಡಗಿರುವುದು ಅಲ್ಲಿಯೇ. ಪೂರ್ತಿ ಒಣಗಿದ ಬಟ್ಟೆಯನ್ನು ಗಾಳಿ ಹೋಗದ ಚೀಲದಲ್ಲೋ ಬಿಗಿ ಮುಚ್ಚಳದ ಡಬ್ಬಿಯಲ್ಲೋ ಇಟ್ಟರೆ ಆಮೇಲೆ ಗುಳಿಗೆಯ ಅಗತ್ಯವೇ ಬೀಳುವುದಿಲ್ಲ.

ನ್ಯಾಫ್ತಲೀನ್ ಗುಳಿಗೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಮಕ್ಕಳಿಗೆ ಅದರ ಆವಿಯಿಂದಲೂ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ಕೂಸಿನ ಬಟ್ಟೆ ಹೊದಿಕೆಗಳ ಹತ್ತಿರ ಅದನ್ನು ಇಡಲೇಬೇಡಿ. ಬಿಳಿ ಗುಂಡು ಮಿಠಾಯಿಯಂತೆ ಕಾಣುವುದರಿಂದ ತೆವಳುವ ಮಕ್ಕಳಿರುವ ಮನೆಗೇ ಅದು ಸಲ್ಲದು. ತೂತಾದ ಸ್ವೆಟರನ್ನು ಎಸೆಯಬೇಡಿ. ಬೇಸಿಗೆಯ ಮಧ್ಯಾಹ್ನಗಳು ಉದ್ದವಾಗಿರುತ್ತವೆ, ಹೊಂದುವ ಬಣ್ಣದ ನೂಲು ಸಿಕ್ಕರೆ ಕೂತು ಹೆಣೆದು ಸರಿಪಡಿಸಿ. ಹೊಂದದಿದ್ದರೂ ಅಡ್ಡಿಯಿಲ್ಲ, ಮೊದಲಿನ ಹೆಣಿಗೆ ನಿಮ್ಮ ತಾಯಿಯವರದೆಂದೂ ಆಮೇಲಿನದು ನಿಮ್ಮದೆಂದೂ ಮನೆಯವರಿಗೆ ತಿಳಿಯುತ್ತದೆ.

ಪ್ರಶ್ನೆ: ನಾನು ಏಳನೆಯ ತರಗತಿಯಲ್ಲಿದ್ದೇನೆ. ಬಿಸಿಲಿನಲ್ಲಿ ಒಣಗಿದ ಟವೆಲ್ಲಿಗೆ ಒಂದು ಒಳ್ಳೆಯ ವಾಸನೆ ಬರುತ್ತದಲ್ಲ, ಅದು ಏನು? ಮನೆಯೊಳಗೆ ಒಣಗಿಸಿದರೆ ಏಕೆ ಬರುವುದಿಲ್ಲ?

ಉತ್ತರ: ಮಗೂ, ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ನಿನ್ನದು. ಇದೇ ಪ್ರಶ್ನೆಯನ್ನು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿಗಳೂ ಕೇಳಿಕೊಂಡರು. ಅವರು ಟವೆಲ್ಲುಗಳನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ, ಕೆಲವನ್ನು ಬಿಸಿಲಿನಲ್ಲಿ, ಕೆಲವನ್ನು ಹೊರಗಿನ ನೆರಳಿನಲ್ಲಿ, ಕೆಲವನ್ನು ಕೋಣೆಯೊಳಗೆ ಒಣಗಿಸಿ, ಪ್ರತಿಯೊಂದರಿಂದ ಹೊರಡುವ ವಾಸನೆಯ ಕಣಗಳನ್ನು ಪರೀಕ್ಷಿಸಿದರು. ಬಿಸಿಲಿನಲ್ಲಿ ಒಣಗಿದವುಗಳಲ್ಲಿ ಆಲ್ಡಿಹೈಡ್, ಕೀಟೋನ್ ಎಂಬ ಗುಂಪಿನ ಸಂಯುಕ್ತಗಳು ಕಂಡುಬಂದವು. ಹೂವು, ಹಣ್ಣುಗಳ ಸುವಾಸನೆಯಲ್ಲೂ ಈ ಗುಂಪಿನವು ಇರುತ್ತವೆ. ಒದ್ದೆ ಬಟ್ಟೆಯ ಮೇಲೆ ಬಿಸಿಲು ಬೀಳುವಾಗ ಗಾಳಿಯ ಜೊತೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಅವು ಹುಟ್ಟಿರಬೇಕೆಂದು 2020ರಲ್ಲಿ ಅವರು ಪ್ರಕಟಿಸಿದರು. ಮನೆಯೊಳಗೆ ಬಿಸಿಲಿಲ್ಲ, ಆದ್ದರಿಂದ ಆ ವಾಸನೆಯೂ ಇಲ್ಲ. ನೀನೂ ಎರಡು ಕರವಸ್ತ್ರಗಳಿಂದ ಇದನ್ನು ಮಾಡಿ ನೋಡಬಹುದು. ಕಣ್ಣು ಮುಚ್ಚಿ ಮೂಸಿ, ಯಾವುದು ಬಿಸಿಲಿನದೆಂದು ಮನೆಯವರಿಂದ ಹೇಳಿಸು. ಒಣಹಾಕುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿದರೆ ಅಂಗಾಲೂ ಸುಡುವುದಿಲ್ಲ. ಬಣ್ಣದ ಅಂಗಿಗಳನ್ನು ಮಾತ್ರ ಒಳಮೈ ಹೊರಗೆ ಮಾಡಿ ಹಾಕು, ಇಲ್ಲವಾದರೆ ಬಿಸಿಲಿಗೆ ಮಾಸುತ್ತವೆ.

ಪ್ರಶ್ನೆ: ಹೊರಗಿನಿಂದ ಬರುವಷ್ಟರಲ್ಲಿ ಕೋಣೆ ತಂಪಾಗಿರಲೆಂದು ಫ್ಯಾನ್ ಹಾಕಿಟ್ಟು ಹೋಗುತ್ತೇವೆ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ಇಲ್ಲ. ಫ್ಯಾನ್ ಗಾಳಿಯನ್ನು ತಣಿಸುವುದಿಲ್ಲ, ನಮ್ಮ ಮೈಮೇಲಿನ ಬೆವರನ್ನು ಬೇಗ ಆರಿಸುತ್ತದೆ, ತಂಪೆನಿಸುವುದು ಅದರಿಂದ. ಯಾರೂ ಇಲ್ಲದ ಕೋಣೆಯಲ್ಲಿ ಅದರ ಮೋಟಾರು ಅಲ್ಪ ಶಾಖವನ್ನು ಸೇರಿಸುತ್ತದೆಯೇ ಹೊರತು ಮತ್ತೇನೂ ಇಲ್ಲ. ಗಾಳಿ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಫ್ಯಾನ್ ಮೈಯನ್ನು ತಣಿಸುವ ಬದಲು ಬಿಸಿಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದು, ನೆರಳಿನಲ್ಲಿ ಸುಮ್ಮನಿರುವುದು ಮೇಲು. ಬೇಸಿಗೆ ಬಲಿಯುವ ಮೊದಲೇ ರೆಕ್ಕೆಗಳ ಧೂಳು ತೆಗೆಯಿರಿ. ಸ್ವಿಚ್ ಆರಿಸಿ, ಗಟ್ಟಿ ಸ್ಟೂಲಿನ ಮೇಲೆ ನಿಂತು, ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ಪೂರ್ತಿ ತೊಡಿಸಿ, ಎರಡೂ ಕೈಗಳಿಂದ ಒತ್ತಿ ಹಿಡಿದು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ತಿಂಗಳುಗಟ್ಟಲೆ ಕಟ್ಟಿದ ಧೂಳು ಹಾಸಿಗೆಯ ಮೇಲೆ ಉದುರದೆ ಚೀಲದೊಳಗೇ ಸೇರಿಕೊಳ್ಳುತ್ತದೆ.

ಪ್ರಶ್ನೆ: ನಿವೃತ್ತನಾಗಿ ಇದು ಮೊದಲ ಬೇಸಿಗೆ. ಮಹಡಿಯ ಮೇಲೆ ಇಪ್ಪತ್ತು ಕುಂಡಗಳಿವೆ, ಹಕ್ಕಿಗಳಿಗೆ ನೀರಿಡುವ ಆಸೆಯೂ ಇದೆ. ಸೊಳ್ಳೆ ಹೆಚ್ಚಾಗುತ್ತದೆಂದು ನೆರೆಯವರು ಆಕ್ಷೇಪಿಸುತ್ತಾರೆ. ಗಿಡಗಳಿಗೆ ಯಾವ ಹೊತ್ತಿನಲ್ಲಿ, ಎಷ್ಟು ನೀರು ಹಾಕಬೇಕು?

ಉತ್ತರ: ನಿಮ್ಮ ಆಸೆಯೂ ಒಳ್ಳೆಯದು, ನೆರೆಯವರ ಆತಂಕವೂ ನ್ಯಾಯವಾದದ್ದು.

ಗಿಡಗಳಿಗೆ ಬೆಳಗಿನ ತಂಪು ಹೊತ್ತು ಎಲ್ಲಕ್ಕಿಂತ ಉತ್ತಮ. ಮಣ್ಣು ತಣ್ಣಗಿರುವಾಗ ಹಾಕಿದ ನೀರು ಆವಿಯಾಗಿ ಹೋಗುವ ಮೊದಲು ಬೇರಿನವರೆಗೆ ಇಳಿಯುತ್ತದೆ, ಬಿಸಿಲು ಬರುವ ಹೊತ್ತಿಗೆ ಗಿಡ ಕುಡಿದು ಸಿದ್ಧವಾಗಿರುತ್ತದೆ. ಸಂಜೆ ಹಾಕುವುದೂ ತಪ್ಪಲ್ಲ, ಆದರೆ ರಾತ್ರಿಯಿಡೀ ಎಲೆಗಳು ಒದ್ದೆಯಾಗಿದ್ದರೆ ಬೂಷ್ಟು ರೋಗಗಳಿಗೆ ಅನುಕೂಲವಾಗುತ್ತದೆ, ಬುಡಕ್ಕಷ್ಟೇ ಹಾಕಿ. ಪ್ರಮಾಣವನ್ನು ಚೊಂಬಿನ ಲೆಕ್ಕದಲ್ಲಿ ಹೇಳಲಾಗದು. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತುದಿಗೆ ತೇವ ತಾಗಿದರೆ ಆ ದಿನ ಬೇಡ. ಒಣಗಿದ್ದರೆ ಕುಂಡದ ತಳದ ರಂಧ್ರದಿಂದ ನೀರು ಹೊರಬರುವವರೆಗೆ ಹಾಕಿ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರುಗಳು ನೀರಿಗಾಗಿ ಮೇಲ್ಮಣ್ಣಿನಲ್ಲೇ ಹರಡಿ, ಮಧ್ಯಾಹ್ನದ ಬಿಸಿಲಿಗೆ ಮೊದಲು ಬೇಯುವುದೂ ಅವೇ ಆಗುತ್ತವೆ. ನಡುಹಗಲಿನಲ್ಲಿ ಎಲೆ ಜೋತುಬಿದ್ದದ್ದನ್ನು ಕಂಡ ಕೂಡಲೇ ಗಾಬರಿಯಾಗಬೇಡಿ. ಎಷ್ಟೋ ಗಿಡಗಳು ಬಿಸಿಲಿನ ಹೊತ್ತಿಗೆ ಹೀಗೆ ಬಾಡಿದಂತಾಗಿ ಸಂಜೆಗೆ ತಾವಾಗಿ ನೆಟ್ಟಗಾಗುತ್ತವೆ. ಮರುದಿನ ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ಅದು ಬಾಯಾರಿಕೆಯೋ ಬೇರಿನ ತೊಂದರೆಯೋ ಎಂದು ನೋಡಬೇಕು. ಉದುರಿದ ಒಣ ಎಲೆಗಳನ್ನು ಗುಡಿಸಿ ಎಸೆಯದೆ ಕುಂಡದ ಬುಡಕ್ಕೆ ಹೊದಿಸಿ, ತೇವ ಹೆಚ್ಚು ಕಾಲ ನಿಲ್ಲುತ್ತದೆ. ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ನೆರಳು ಇನ್ನೊಂದಕ್ಕಾಗುತ್ತದೆ.

ಹಕ್ಕಿಗಳ ವಿಚಾರಕ್ಕೆ ಬರೋಣ. ಅವುಗಳಿಗೆ ಬೆವರುಗ್ರಂಥಿಗಳಿಲ್ಲ, ಕೊಕ್ಕು ತೆರೆದು ಏದುಸಿರುಬಿಟ್ಟೇ ಅವು ಮೈಯ ಶಾಖವನ್ನು ಇಳಿಸಿಕೊಳ್ಳುತ್ತವೆ, ಹಾಗೆ ಮಾಡುವಾಗ ಮೈಯ ನೀರು ಖರ್ಚಾಗುತ್ತದೆ. ಆದ್ದರಿಂದ ನೀವು ಇಡುವ ನೀರು ನಿಜವಾಗಿಯೂ ಅವುಗಳ ಜೀವಕ್ಕೆ ಒದಗುತ್ತದೆ. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಸಾಕು. ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ನೀರು ಬೇಡ. ನಡುವೆ ಒಂದು ಒರಟು ಕಲ್ಲಿಟ್ಟರೆ ಸಣ್ಣ ಹಕ್ಕಿಗಳಿಗೆ ಕಾಲೂರಲು, ಜೇನ್ನೊಣಗಳಿಗೆ ಮುಳುಗದೆ ಕುಡಿಯಲು ಅನುಕೂಲ. ನೆರಳಿರಲಿ, ಆದರೆ ಬೆಕ್ಕು ಹೊಂಚುಹಾಕುವ ಪೊದೆ ಪಕ್ಕದಲ್ಲಿರದಿರಲಿ.

ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಸುಮಾರು ಏಳರಿಂದ ಹತ್ತು ದಿನ ಹಿಡಿಯುತ್ತದೆ. ನೀರನ್ನು ದಿನವೂ ಬದಲಿಸಿದರೆ ಆ ಸರಪಳಿ ತುಂಡಾಗುತ್ತದೆ. ಆದರೆ ಬರೀ ಚೆಲ್ಲಿದರೆ ಸಾಲದು, ತಟ್ಟೆಯನ್ನು ಉಜ್ಜಲೂ ಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ಆ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಕಾದಿದ್ದು ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಕುಂಡಗಳ ಕೆಳಗಿನ ತಟ್ಟೆಗಳನ್ನೂ ಹೀಗೆಯೇ ನೋಡಿಕೊಳ್ಳಿ. ನೆರೆಯವರನ್ನು ಒಂದು ಬೆಳಿಗ್ಗೆ ಮಹಡಿಗೆ ಕರೆದು ನೀವು ತಟ್ಟೆ ಉಜ್ಜುವುದನ್ನು ತೋರಿಸಿ. ಅಷ್ಟು ಹೊತ್ತಿಗೆ ಒಂದೆರಡು ಹಕ್ಕಿಗಳು ಬಂದರೆ ಆಕ್ಷೇಪ ಅಲ್ಲಿಗೇ ಮುಗಿಯಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಮಾಡಿದ ಅಡುಗೆ ಬೇಗ ಕೆಡುತ್ತದೆ, ಅಡುಗೆಮನೆಯಲ್ಲಿ ನಿಲ್ಲುವುದೇ ಶಿಕ್ಷೆಯಾಗುತ್ತದೆ.

ಉತ್ತರ: ಒಲೆಯ ಕೆಲಸವನ್ನು ಆದಷ್ಟೂ ಬೆಳಗಿನ ತಂಪಿನಲ್ಲಿ ಮುಗಿಸಿ, ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಿ. ಹಬೆ ಕೋಣೆಗೆ ಹರಡುವುದು ಕಡಿಮೆಯಾದಷ್ಟೂ ನಿಲ್ಲುವವರಿಗೆ ಹಿತ, ಇಂಧನವೂ ಉಳಿಯುತ್ತದೆ. ಮಾಡಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಕೋಣೆಯ ಶಾಖ 32 ಡಿಗ್ರಿ ದಾಟಿದ ದಿನಗಳಲ್ಲಿ ಒಂದೇ ಗಂಟೆ ಎಂದು ಲೆಕ್ಕವಿಟ್ಟುಕೊಳ್ಳಿ. ಉಳಿದದ್ದನ್ನು ಆಳವಿಲ್ಲದ ಸಣ್ಣ ಪಾತ್ರೆಗಳಿಗೆ ಹಂಚಿ ಫ್ರಿಜ್ಜಿನಲ್ಲಿಡಿ, ದೊಡ್ಡ ಪಾತ್ರೆಯ ನಡುಭಾಗ ತಣಿಯಲು ಬಹಳ ಹೊತ್ತು ಬೇಕಾಗುತ್ತದೆ. ಫ್ರಿಜ್ಜಿನ ಒಳಶಾಖ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿರಬೇಕು. ಮೂಸಿ ನೋಡಿ ಸರಿಯಿದೆ ಎನ್ನುವುದನ್ನು ನೆಚ್ಚಬೇಡಿ. ರೋಗ ತರುವ ಎಷ್ಟೋ ಸೂಕ್ಷ್ಮಜೀವಿಗಳು ವಾಸನೆಯನ್ನಾಗಲಿ ರುಚಿಯನ್ನಾಗಲಿ ಕೆಡಿಸುವುದಿಲ್ಲ.

ಪ್ರಶ್ನೆ: ಹೊತ್ತು ಮುಳುಗಿದ ಮೇಲೆ ಸ್ನಾನ ಮಾಡಿ, ಬಾಗಿಲ ಮೆಟ್ಟಿಲ ಮೇಲೆ ಅರ್ಧ ಗಂಟೆ ಏನೂ ಮಾಡದೆ ಕೂರುವುದು ನನಗೆ ಬಹಳ ಇಷ್ಟ. ಆದರೆ ಒಳಗೆ ಕೆಲಸ ಬಾಕಿಯಿರುವಾಗ ಹೀಗೆ ಕೂರುವುದು ಸೋಮಾರಿತನವೆಂದು ಮನಸ್ಸು ಚುಚ್ಚುತ್ತದೆ.

ಉತ್ತರ: ಚುಚ್ಚಲು ಬಿಡಬೇಡಿ ಅಮ್ಮಾ. ಆ ಅರ್ಧ ಗಂಟೆಯಲ್ಲಿ ನಿಮ್ಮ ಮೈ ಒಂದು ಕೆಲಸದಲ್ಲಿ ತೊಡಗಿರುತ್ತದೆ. ನಿದ್ದೆ ಬರಬೇಕಾದರೆ ದೇಹದ ಒಳಶಾಖ ಸ್ವಲ್ಪ ಇಳಿಯಬೇಕು. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಮಿಂದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖ ಕೈಕಾಲುಗಳ ಮೂಲಕ ಹೊರಹೋಗುತ್ತದೆ. ತೀರ ತಣ್ಣೀರು ಸುರಿದುಕೊಂಡರೆ ಆ ನಾಳಗಳು ಮುದುಡಿಕೊಳ್ಳುವುದರಿಂದ ಆ ಗಳಿಗೆಗೆ ಹಾಯೆನಿಸಿದರೂ ಶಾಖ ಒಳಗೇ ಉಳಿಯಬಹುದು. ಮಿಂದು ಬಂದು, ಸಡಿಲವಾದ ಹತ್ತಿಬಟ್ಟೆ ಉಟ್ಟು, ತಂಪಾದ ಮೆಟ್ಟಿಲಿಗೆ ಅಂಗಾಲು ತಾಗಿಸಿ ಕೂರುವುದು ದೇಹಕ್ಕೆ ಬೇಕಾದದ್ದನ್ನೇ ಮಾಡಿಕೊಡುತ್ತದೆ.

ಇದಿಷ್ಟು ಕಾರಣ ಕೊಟ್ಟದ್ದು ನಿಮ್ಮ ಮನಸ್ಸಿನ ಸಮಾಧಾನಕ್ಕೆ. ಕಾರಣವಿಲ್ಲದಿದ್ದರೂ ನೀವು ಅಲ್ಲಿ ಕೂರಬೇಕೆಂಬುದೇ ನನ್ನ ಮಾತು. ಬೇಸಿಗೆಯ ಸಂಜೆ ಬೆಳಕು ಒಮ್ಮೆಲೇ ಆರುವುದಿಲ್ಲ. ಮೊದಲು ನೆಲದ ಮೇಲಿನ ನೆರಳುಗಳು ಒಂದರೊಳಗೊಂದು ಕರಗುತ್ತವೆ, ಆಮೇಲೆ ಎದುರುಮನೆಯ ಗೋಡೆಯ ಬಣ್ಣ ಕಳೆದುಹೋಗುತ್ತದೆ, ಬಿಳಿ ಹೂವುಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿರುತ್ತವೆ. ಅದನ್ನು ನೋಡಲು ಮನೆಯಲ್ಲಿ ಒಬ್ಬರಾದರೂ ಹೊರಗಿರುವುದು ಒಳ್ಳೆಯದು. ಬಾಕಿ ಕೆಲಸವನ್ನು ಮನೆಯ ಉಳಿದವರಿಗೂ ಹಂಚಿ.

ಪ್ರಶ್ನೆ: ತಂದೆಯವರಿಗೆ ಎಂಬತ್ತು ದಾಟಿದೆ. ಬೇಸಿಗೆಯಲ್ಲೂ ದಿನಕ್ಕೆ ಎರಡು ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವುದಿಲ್ಲ. ಕೇಳಿದರೆ ಬಾಯಾರಿಕೆಯಿಲ್ಲ ಎನ್ನುತ್ತಾರೆ.

ಉತ್ತರ: ಅವರು ಹೇಳುವುದು ನಿಜವೇ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ದೇಹಕ್ಕೆ ನೀರು ಬೇಕಾಗಿದ್ದರೂ ಬಾಯಿ ಕೇಳುವುದಿಲ್ಲ. ಹಾಗಾಗಿ ಬಾಯಾರಿಕೆಗೆ ಕಾಯದೆ, ನೀರನ್ನು ದಿನಚರಿಯ ಹೊತ್ತುಗಳಿಗೆ ಗಂಟುಹಾಕಿ: ಎದ್ದ ಕೂಡಲೇ ಒಂದಿಷ್ಟು, ಮಾತ್ರೆಯ ಜೊತೆ ಒಂದಿಷ್ಟು, ಪತ್ರಿಕೆ ಓದುವಾಗ, ಮಧ್ಯಾಹ್ನ ಮಲಗೆದ್ದಾಗ. ದೊಡ್ಡ ಲೋಟ ತುಂಬಿಸಿಕೊಟ್ಟರೆ ನೋಡಿಯೇ ಬೇಡವೆನಿಸುತ್ತದೆ, ಸಣ್ಣ ಲೋಟವೇ ಇರಲಿ. ರಾತ್ರಿ ಮೂತ್ರಕ್ಕೆ ಏಳಬೇಕಾದೀತೆಂಬ ಅಂಜಿಕೆಯಿಂದ ಎಷ್ಟೋ ಹಿರಿಯರು ಹೇಳದೆಯೇ ನೀರನ್ನು ಕಡಿಮೆ ಮಾಡಿಕೊಂಡಿರುತ್ತಾರೆ. ಹೆಚ್ಚಿನ ನೀರನ್ನು ಹಗಲಿನಲ್ಲೇ ಕೊಟ್ಟು, ಬಚ್ಚಲಿನ ದಾರಿಯಲ್ಲಿ ಒಂದು ಸಣ್ಣ ದೀಪ ಹಚ್ಚಿಟ್ಟರೆ ಆ ಅಂಜಿಕೆ ಅರ್ಧ ಕಳೆಯುತ್ತದೆ. ಹೃದಯದ ಅಥವಾ ಮೂತ್ರಪಿಂಡದ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಎಷ್ಟು ನೀರು ಕೊಡಬೇಕೆಂದು ವೈದ್ಯರನ್ನೇ ಕೇಳಿ. ಬಿಸಿಲಿನ ದಿನ ಅವರ ಮಾತು ತೊದಲಿದರೆ, ಎಲ್ಲಿದ್ದೇನೆಂಬ ಗೊಂದಲವಾದರೆ, ಮೈ ಸುಡುತ್ತಿದ್ದರೆ ತಡಮಾಡದೆ ವೈದ್ಯಕೀಯ ನೆರವು ಕರೆಯಿರಿ, ಅದು ಬರುವವರೆಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸುತ್ತಿರಿ. ಪೂರ್ತಿ ಎಚ್ಚರವಿಲ್ಲದಾಗ ಬಾಯಿಗೆ ನೀರು ಹಾಕಬೇಡಿ.

ಇನ್ನು ದಿನನಿತ್ಯದ ಮಾತು. ಲೋಟವನ್ನು ಅವರ ಮುಂದಿಟ್ಟು ಹೊರಟುಹೋಗಬೇಡಿ. ನಿಮ್ಮದನ್ನೂ ಹಿಡಿದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ, ಅವರ ಬಾಲ್ಯದ ಯಾವುದಾದರೂ ಬೇಸಿಗೆಯ ಬಗ್ಗೆ ಕೇಳಿ. ನೀವು ಒಂದು ಗುಟುಕು ಕುಡಿದಾಗ ಅವರೂ ಒಂದು ಗುಟುಕು ಕುಡಿಯುತ್ತಾರೆ. ಕಥೆ ಮುಗಿಯುವಷ್ಟರಲ್ಲಿ ಲೋಟ ಖಾಲಿಯಾಗಿರುತ್ತದೆ.